ಸಾವಿನ ಮನೆಯ ಬಂದೋಬಸ್ತ್‌ಗೆ ಒಂದು ಲಿಖಿತ ಕ್ರಮ ಬೇಕು: ಪೊಲೀಸ್ ಮಹಾನಿರ್ದೇಶಕರಿಗೆ ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು ಮತ್ತು ಮಹಾನಿರೀಕ್ಷಕರು,
ಕರ್ನಾಟಕ ರಾಜ್ಯ ಪೊಲೀಸ್, ನೃಪತುಂಗ ರಸ್ತೆ, ಬೆಂಗಳೂರು.

ಪ್ರತಿ: ಒಳಾಡಳಿತ ಇಲಾಖೆ, ಎಲ್ಲ ಜಿಲ್ಲಾಧಿಕಾರಿಗಳು.

ವಿಷಯ: ಶವಾಗಾರದಿಂದ ಸ್ಮಶಾನದವರೆಗೆ ಪೊಲೀಸರ ನಡವಳಿಕೆಗೆ ರಾಜ್ಯಾದ್ಯಂತ ಅನ್ವಯಿಸುವ ಸ್ಥಾಯಿ ಆದೇಶ ಹೊರಡಿಸುವ ಬಗ್ಗೆ.

ಮಾನ್ಯರೇ,

ಅಪಘಾತ, ಕೊಲೆ, ಆತ್ಮಹತ್ಯೆ, ಕರೆಂಟ್ ಶಾಕ್, ಹಾವು ಕಡಿತ, ಕೆರೆಯಲ್ಲಿ ಮುಳುಗಿದ್ದು. ಸಾವು ಹೀಗೆ ಬಂದ ಮನೆಗೆ ದೂರದ ನೆಂಟರಿಗಿಂತ ಮೊದಲು ಪೊಲೀಸರು ಬರುತ್ತಾರೆ. ಕಾನೂನು ಇರುವುದು ಹಾಗೆ, ಇರಬೇಕಾದ್ದೂ ಹಾಗೆಯೇ. ಆದರೆ ಆ ಗಳಿಗೆಯಿಂದ ಮಣ್ಣಾಗುವವರೆಗೆ ಮನೆಯವರ ಜೊತೆ ಹೇಗೆ ನಡೆದುಕೊಳ್ಳಬೇಕು ಎನ್ನುವುದು ಇವತ್ತಿಗೂ ಆ ಠಾಣೆಯ ಪಿಎಸ್‌ಐ ಅವರ ಸ್ವಭಾವ, ಅನುಭವಕ್ಕೆ ಬಿಟ್ಟ ವಿಷಯವಾಗಿದೆ. ಒಳ್ಳೆಯ ಅಧಿಕಾರಿ ಇದ್ದಲ್ಲಿ ಎಲ್ಲವೂ ಸಲೀಸಾಗಿ ಮುಗಿಯುತ್ತದೆ. ಇಲ್ಲದಲ್ಲಿ ಸತ್ತವರ ದುಃಖದ ಮೇಲೆ ಇನ್ನೊಂದು ಗಾಯ ಬೀಳುತ್ತದೆ, ಅದು ವರ್ಷಗಟ್ಟಲೆ ಮಾಯುವುದಿಲ್ಲ.

ನಾವು ವಕೀಲರು, ಆಂಬುಲೆನ್ಸ್ ಚಾಲಕರು, ಶವಾಗಾರದ ಸಿಬ್ಬಂದಿ, ಗುಂಡಿ ತೋಡುವವರು, ನಿವೃತ್ತ ಪೊಲೀಸರು. ಕೇಳುತ್ತಿರುವುದು ಒಂದೇ. ಅಂತ್ಯಕ್ರಿಯೆಯ ಜಾಗ, ಹೊತ್ತು, ವಿಧಿ ಈ ಮೂರನ್ನೂ ಕುಟುಂಬವೇ ನಿರ್ಧರಿಸಬೇಕು. ಆ ನಿರ್ಧಾರ ನಿರಾತಂಕವಾಗಿ ನಡೆಯುವಂತೆ ನೋಡಿಕೊಳ್ಳುವುದಕ್ಕೆ ಬಂದೋಬಸ್ತ್ ಎನ್ನಬೇಕು. ಯಾವುದನ್ನಾದರೂ ಬದಲಿಸಲೇಬೇಕಾದ ಪರಿಸ್ಥಿತಿ ಬಂದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಕಾರಣ ಬರೆದು, ಸಹಿ ಹಾಕಿ, ಅದರ ಪ್ರತಿಯನ್ನು ಮನೆಯವರ ಕೈಗೆ ಕೊಡಬೇಕು. ಬಾಯಿಮಾತಿನಲ್ಲಿ ಬದಲಿಸಬಾರದು.

ಇದು ನಮ್ಮ ಕಲ್ಪನೆಯ ಹಕ್ಕಲ್ಲ. ಗಲ್ಲಿಗೇರಿಸಿದ ಕೈದಿಯ ದೇಹವನ್ನು ಅರ್ಧ ಗಂಟೆ ನೇತಾಡಲು ಬಿಡುವ ಪದ್ಧತಿಯ ಪ್ರಶ್ನೆ 1995ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಪರಮಾನಂದ ಕಟಾರಾ ಪ್ರಕರಣದಲ್ಲಿ ನ್ಯಾಯಾಲಯ ಸಂವಿಧಾನದ 21ನೇ ವಿಧಿಯ ಘನತೆ ಮೃತದೇಹಕ್ಕೂ ಸಲ್ಲುತ್ತದೆ ಎಂದಿತು. ನೇಣಿಗೆ ಹೋದವನಿಗೇ ಸಲ್ಲುವ ಘನತೆ ರಸ್ತೆ ಅಪಘಾತದಲ್ಲಿ ಸತ್ತವರಿಗೆ, ಕೊಲೆಯಾದವರಿಗೆ ಸಲ್ಲದೇ ಇರಲಾರದು. ವಾರಸುದಾರರಿಲ್ಲದ, ಮನೆಯಿಲ್ಲದವರಿಗೂ ಅವರವರ ಧರ್ಮದ ಪ್ರಕಾರ ಸಂಸ್ಕಾರ ಸಿಗಬೇಕೆಂಬ ಮಾತು 2002ರ ಆಶ್ರಯ ಅಧಿಕಾರ ಅಭಿಯಾನ ಪ್ರಕರಣದಲ್ಲಿ ಬಂತು. ಶವಸಂಸ್ಕಾರಕ್ಕೆ ಸೇರಿದವರಿಗೆ ಅಡ್ಡಿಪಡಿಸುವುದು, ಶವಕ್ಕೆ ಅಗೌರವ ತೋರುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 301ರ ಪ್ರಕಾರ ಅಪರಾಧ. ಹಳೆಯ ಐಪಿಸಿಯಲ್ಲಿ ಅದು 297 ಆಗಿತ್ತು.

ಉತ್ತರ ಪ್ರದೇಶದ ಹಾಥರಸ್‌ನಲ್ಲಿ ಆದದ್ದನ್ನು ನಿಮ್ಮ ಅಧಿಕಾರಿಗಳೆಲ್ಲ ಒಮ್ಮೆ ಓದಬೇಕು. 2020ರ ಸೆಪ್ಟೆಂಬರ್ 29ರಂದು ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ತೀರಿಕೊಂಡ ದಲಿತ ಯುವತಿಯ ದೇಹವನ್ನು ಅದೇ ರಾತ್ರಿ ಊರಿಗೆ ತಂದು, ಮನೆಯೊಳಗೆ ಒಯ್ಯಲೂ ಬಿಡದೆ, ನಸುಕಿಗೆ ಮುಂಚೆಯೇ ಪೊಲೀಸರ ಕಾವಲಿನಲ್ಲಿ ಸುಟ್ಟರು. ಬೆಳಗಾದರೆ ಜನ ಸೇರುತ್ತಾರೆ, ಗಲಭೆಯಾಗುತ್ತದೆ ಎಂಬುದು ಜಿಲ್ಲಾಡಳಿತ ಕೊಟ್ಟ ಕಾರಣ. ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಆ ಕಾರಣವನ್ನು ಒಪ್ಪದೆ, ಕುಟುಂಬದ ಮಾನವ ಹಕ್ಕಿನ ಉಲ್ಲಂಘನೆ ಆಗಿದೆ ಎಂದಿತು. ರಾತ್ರೋರಾತ್ರಿ ಮುಗಿಸಿದ್ದರಿಂದ ಶಾಂತಿಯೂ ಉಳಿಯಲಿಲ್ಲ. ಸೇರದಂತೆ ತಡೆಯಲು ನೋಡಿದ ಗುಂಪು ಹಳ್ಳಿಯ ಬದಲು ಇಡೀ ದೇಶದಲ್ಲಿ ಸೇರಿತು.

ಈಗ ನಮ್ಮ ರಾಜ್ಯಕ್ಕೆ, ಎಲ್ಲವೂ ಶುರುವಾಗುವ ಜಾಗಕ್ಕೆ ಬರುತ್ತೇವೆ.

ಮನೆಯವರು ಪೊಲೀಸರನ್ನು ಮೊದಲು ಎದುರಾಗುವುದು ತಾಲ್ಲೂಕು ಆಸ್ಪತ್ರೆಯ ಶವಾಗಾರದ ಮುಂದೆ. ಅಲ್ಲಿ ಕೂರಲು ಬೆಂಚು ಇರುವುದಿಲ್ಲ, ಕುಡಿಯಲು ನೀರಿರುವುದಿಲ್ಲ. ಆಸ್ಪತ್ರೆಯಿಂದ ಎಂಎಲ್‌ಸಿ (ಪೊಲೀಸ್ ಪ್ರಕರಣದ ಸಾವು ಎಂದು ತಿಳಿಸುವ) ಮೆಮೊ ಠಾಣೆಗೆ ಹೋಗಬೇಕು, ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಎಫ್‌ಐಆರ್ ದಾಖಲಾಗಬೇಕು, ತನಿಖಾಧಿಕಾರಿ ಬಂದು ಊರಿನ ಇಬ್ಬರಾದರೂ ಗೌರವಸ್ಥರ ಸಮ್ಮುಖದಲ್ಲಿ ಶವ ಪಂಚನಾಮೆ ಮಾಡಬೇಕು, ಮರಣೋತ್ತರ ಪರೀಕ್ಷೆಗೆ ಕೋರಿಕೆ ಪತ್ರ ಕೊಡಬೇಕು. ಆಮೇಲಷ್ಟೇ ವೈದ್ಯರು ಒಳಗೆ ಹೋಗುತ್ತಾರೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194 ಹೇಳುವ ಕ್ರಮ ಇದೇ (ಮುಂದೆ ಬರುವ ಕಲಂಗಳೂ ಇದೇ ಸಂಹಿತೆಯವು). ಹೊರಗೆ ನಿಂತವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು ಮುಚ್ಚಿದ ಬಾಗಿಲು, 'ಸಾಹೇಬ್ರು ಬರ್ಬೇಕು' ಎನ್ನುವ ಒಂದು ಮಾತು. ಜಗಳ ಹುಟ್ಟುವುದು ಇಲ್ಲಿ. ಈಗ ಯಾವ ಹಂತದಲ್ಲಿದೆ, ಮುಂದೆ ಏನು, ಎಷ್ಟು ಹೊತ್ತಾಗಬಹುದು ಎಂದು ಒಬ್ಬ ಹೆಡ್ ಕಾನ್‌ಸ್ಟೆಬಲ್ ಗಂಟೆಗೊಮ್ಮೆ ಬಂದು ಹೇಳಿದರೆ ಅರ್ಧಕ್ಕರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ತಡವಾಗುವುದಕ್ಕೆ ಎರಡು ಕಾರಣಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲನೆಯದು ತಹಶೀಲ್ದಾರರು. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಪಂಚನಾಮೆಯನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮಾಡುತ್ತಾರೆ. ಅವರು ಜಿಲ್ಲಾ ಕೇಂದ್ರದಲ್ಲಿ ಸಭೆಯಲ್ಲಿದ್ದರೆ ಇಲ್ಲಿ ಕೆಲಸ ನಿಂತುಬಿಡುತ್ತದೆ. ಅಷ್ಟರಲ್ಲಿ ತವರಿನವರೂ ಗಂಡನ ಮನೆಯವರೂ ಒಂದೇ ಅಂಗಳದಲ್ಲಿ, ಹತ್ತು ಅಡಿ ದೂರದಲ್ಲಿ ನಿಂತಿರುತ್ತಾರೆ. ಹೊಡೆದಾಟ ಆಗದಿದ್ದರೆ ಅದೃಷ್ಟ. ಇಂಥ ಪ್ರಕರಣದಲ್ಲಿ ಎರಡೂ ಕಡೆಯವರಿಗೆ ಬೇರೆ ಬೇರೆ ಜಾಗ ತೋರಿಸುವುದು, ತಹಶೀಲ್ದಾರರು ಸಿಗದಿದ್ದರೆ ಬದಲಿ ಮ್ಯಾಜಿಸ್ಟ್ರೇಟ್ ಯಾರು ಎಂಬುದನ್ನು ತಿಂಗಳ ಮೊದಲೇ ಪಟ್ಟಿ ಮಾಡಿ ಠಾಣೆಯ ಗೋಡೆಗೆ ಹಚ್ಚಿಡುವುದು ಕಷ್ಟದ ಕೆಲಸವಲ್ಲ. ಎರಡನೆಯದು ಸಂಜೆಯ ಮಿತಿ. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ನಡೆಸಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ ಹೇಳಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ, ಅನುಮಾನಾಸ್ಪದ ಸಾವುಗಳನ್ನು ಅದರಿಂದ ಹೊರಗಿಟ್ಟಿದೆ. ಕಾನೂನು ಸುವ್ಯವಸ್ಥೆಯ ಪ್ರಶ್ನೆ ಇದ್ದರೆ ಇವುಗಳನ್ನೂ ರಾತ್ರಿ ನಡೆಸಬಹುದು. ಹಾಗಾದರೆ ಬೈಕ್ ಅಪಘಾತದಲ್ಲಿ ಸಂಜೆ 6ಕ್ಕೆ ಸತ್ತವರ ಮನೆಯವರು ಮರುದಿನ ಮಧ್ಯಾಹ್ನದವರೆಗೆ ಶವಾಗಾರದ ಮುಂದೆ ಕಾಯಬೇಕಾಗಿಲ್ಲ. ನಿಮ್ಮ ಅಧಿಕಾರಿ ಕೋರಿಕೆ ಪತ್ರ ಬೇಗ ಕೊಟ್ಟು ಕೇಳಿದರೆ ಆಗುತ್ತದೆ, ಕೇಳದಿದ್ದರೆ ಆಗುವುದಿಲ್ಲ.

ಇನ್ನೊಂದು ವಿಷಯ ಮೇಲ್ನೋಟಕ್ಕೆ ಚಿಕ್ಕದು, ಆದರೆ ನಾವು ಅತಿ ಹೆಚ್ಚು ಕಣ್ಣೀರು ಕಂಡದ್ದು ಅದರಿಂದಲೇ. ಯುಡಿಆರ್ ದೂರನ್ನು ಸಾಮಾನ್ಯವಾಗಿ ಪೊಲೀಸರೇ ಬರೆದು, ಮನೆಯವರಲ್ಲಿ ಯಾರಾದರೂ ಒಬ್ಬರ ಸಹಿ ಹಾಕಿಸಿಕೊಳ್ಳುತ್ತಾರೆ. ಅದರ ಕೊನೆಯಲ್ಲಿ ಒಂದು ಸಾಲು ಇರುತ್ತದೆ: 'ಮೃತರ ಸಾವಿನಲ್ಲಿ ನಮಗೆ ಬೇರೆ ಯಾವುದೇ ಅನುಮಾನ ಇರುವುದಿಲ್ಲ.' ಮರಣೋತ್ತರ ಪರೀಕ್ಷೆ ಇನ್ನೂ ಆಗಿಲ್ಲ, ದೇಹದ ಮೇಲಿನ ಗಾಯವನ್ನು ಮನೆಯವರು ನೋಡಿಯೇ ಇಲ್ಲ, ಸಹಿ ಮಾತ್ರ ಬಿದ್ದಿರುತ್ತದೆ. 'ಸಹಿ ಹಾಕಿದ್ರೆ ಬೇಗ ಬಾಡಿ ಕೊಡ್ತೀವಿ' ಎಂದಾಗ ಯಾವ ತಂದೆ ತಾನೆ ಓದಿ ಸಹಿ ಹಾಕುತ್ತಾನೆ? ಮೂರು ದಿನ ಕಳೆದು ಮಗನ ಫೋನಿನಲ್ಲಿ ಏನೋ ಸಿಕ್ಕಿ ಠಾಣೆಗೆ ಹೋದರೆ ಆ ಸಾಲನ್ನೇ ತೋರಿಸುತ್ತಾರೆ. ಈ ಸಾಲನ್ನು ಮರಣೋತ್ತರ ಪರೀಕ್ಷೆಗೆ ಮೊದಲು ಬರೆಸಿಕೊಳ್ಳುವುದನ್ನು ಸಂಪೂರ್ಣವಾಗಿ ನಿಲ್ಲಿಸಿ. ಖಾಲಿ ಹಾಳೆಗೆ ಸಹಿ ಪಡೆಯುವುದಂತೂ ಎಲ್ಲಿಯೂ ನಡೆಯಬಾರದು. ದೂರನ್ನು ಗಟ್ಟಿಯಾಗಿ ಓದಿ ಹೇಳಿ, ಪ್ರತಿಯನ್ನು ಅಲ್ಲೇ ಕೊಡಲಿ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಕೊಡಬೇಕೆಂದು ಕಲಂ 173 ಹೇಳುತ್ತದೆ.

ದೇಹ ಒಪ್ಪಿಸುವಾಗ ಒಡವೆಯ ವಿಚಾರ ಬರುತ್ತದೆ. ತಾಳಿ, ಕಾಲುಂಗುರ, ಓಲೆ, ಉಡಿದಾರ, ಮೊಬೈಲ್, ಪರ್ಸಿನಲ್ಲಿದ್ದ ಹಣ ಎಲ್ಲವನ್ನೂ ಪಂಚನಾಮೆಯಲ್ಲಿ ಒಂದೊಂದಾಗಿ ಬರೆದು, ತನಿಖೆಗೆ ಬೇಕಾದ್ದು ಯಾವುದು, ಕೂಡಲೇ ಹಿಂದಿರುಗಿಸಬಹುದಾದ್ದು ಯಾವುದು ಎಂದು ಬೇರ್ಪಡಿಸಬೇಕು. ಬಟ್ಟೆಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುವುದಿದ್ದರೆ ಮೊದಲೇ ಹೇಳಿ, ಮನೆಯಿಂದ ಪಂಚೆಯೋ ಸೀರೆಯೋ ತರಿಸಬೇಕು. ಹೇಳದಿದ್ದರೆ ಆಸ್ಪತ್ರೆಯ ಹರಿದ ಬೆಡ್‌ಶೀಟಿನಲ್ಲೇ ಸುತ್ತಿ ಕೊಡುತ್ತಾರೆ, ಮನೆಯಂಗಳದಲ್ಲಿ ಅದನ್ನು ಬಿಚ್ಚಿದಾಗ ಹೆಂಗಸರು, ಮಕ್ಕಳು ನೋಡಬಾರದ್ದನ್ನು ನೋಡುತ್ತಾರೆ. ಒಪ್ಪಿಸುವ ಮೊದಲು ಮನೆಯ ಗಟ್ಟಿ ಮನಸ್ಸಿನ ಒಬ್ಬರನ್ನು ಒಳಗೆ ಕರೆದು, ಮುಖ ತೋರಿಸಿ, ಎಲ್ಲಿ ಹೊಲಿಗೆ ಬಿದ್ದಿದೆ, ಎಲ್ಲಿ ಮುಚ್ಚಿಡುವುದು ಒಳ್ಳೆಯದು ಎಂದು ತಿಳಿಸಿದರೆ ಸಾಕು. ಇದಕ್ಕೆ ಐದು ನಿಮಿಷ ಹಿಡಿಯುತ್ತದೆ. ಸ್ಥಳದ ಫೋಟೊ, ಶವದ ಫೋಟೊ ಪೊಲೀಸರ ಮೊಬೈಲಿನಿಂದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹರಿದು ಹೋಗುವುದನ್ನೂ ಇಲ್ಲೇ ತಡೆಯಬೇಕು. ತನ್ನ ಮಗಳ ಮುಖವನ್ನು ತಾಯಿ ಅಪರಿಚಿತರ ಸ್ಟೇಟಸ್‌ನಲ್ಲಿ ನೋಡುವ ಹಾಗೆ ಆಗಬಾರದು.

ಇನ್ನು ಗುಂಪು ಸೇರುವ ಸಾವುಗಳ ವಿಚಾರ. ಕೋಮು ಹತ್ಯೆ, ರಾಜಕೀಯ ಹತ್ಯೆ, ಜಾತಿ ದೌರ್ಜನ್ಯದ ಸಾವು.

ಇಲ್ಲಿ ಪೊಲೀಸರು ಪದೇ ಪದೇ ಮಾಡುವ ತಪ್ಪೆಂದರೆ ಕುಟುಂಬದ ಜೊತೆ ಮಾತಾಡದೆ ಸಂಘಟನೆಯ ಮುಖಂಡರ ಜೊತೆ ಮಾತಾಡುವುದು. ಮೆರವಣಿಗೆ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ, ಯಾವ ಮಂತ್ರಿ ಬರುವವರೆಗೆ ಕಾಯಬೇಕು ಎಂಬುದೆಲ್ಲ ಮುಖಂಡರ ಬಾಯಿಂದ ತೀರ್ಮಾನವಾಗುತ್ತದೆ. ಸತ್ತವನ ಹೆಂಡತಿಗೆ ಮೆರವಣಿಗೆಯೇ ಬೇಡವಾಗಿರಬಹುದು. ಅವಳನ್ನು ಯಾರೂ ಕೇಳಿರುವುದಿಲ್ಲ. ಆದ್ದರಿಂದ ಮೊದಲ ಗಂಟೆಯಲ್ಲೇ ಡಿವೈಎಸ್‌ಪಿ ದರ್ಜೆಯ ಒಬ್ಬ ಅಧಿಕಾರಿ, ಜೊತೆಗೊಬ್ಬ ಮಹಿಳಾ ಅಧಿಕಾರಿ, ಮುಖಂಡರಿಲ್ಲದ ಕೋಣೆಯಲ್ಲಿ ಹತ್ತಿರದ ಬಂಧುಗಳ ಜೊತೆ ಕುಳಿತು ಕೇಳಬೇಕು: ಎಲ್ಲಿ ಮಣ್ಣು ಮಾಡುತ್ತೀರಿ, ಯಾರು ಬರುವವರೆಗೆ ಕಾಯಬೇಕು, ಮೆರವಣಿಗೆ ಬೇಕೇ, ಮುಖ ನೋಡಲು ಜನರನ್ನು ಬಿಡಬೇಕೇ, ಮಾಧ್ಯಮದವರು ಒಳಗೆ ಬರಬಹುದೇ. ಉತ್ತರ ಬರೆದುಕೊಂಡು ಅವರಿಗೇ ಓದಿ ಹೇಳಬೇಕು. ಮನೆಯ ಕಡೆಯಿಂದ ಒಬ್ಬರು, ಪೊಲೀಸರ ಕಡೆಯಿಂದ ಒಬ್ಬರು, ಇಬ್ಬರ ಫೋನ್ ನಂಬರೂ ಇಬ್ಬರಲ್ಲಿ. ಆ ಇಬ್ಬರ ನಡುವೆ ತೀರ್ಮಾನವಾಗದ ಯಾವುದೂ ಜಾರಿಯಾಗಬಾರದು.

ಮೆರವಣಿಗೆಯಲ್ಲಿ ಏನಾಗಬಹುದೆಂಬುದು ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. 2017ರ ಜುಲೈ 8ರಂದು ಮಂಗಳೂರಿನಿಂದ ಬಂಟ್ವಾಳದ ಕಡೆಗೆ ಬರುತ್ತಿದ್ದ ಶವಯಾತ್ರೆಯ ಹೊತ್ತಿನಲ್ಲಿ ಬಿ.ಸಿ. ರೋಡಿನ ಕೈಕಂಬದಲ್ಲಿ ಕಲ್ಲು ತೂರಾಟ ನಡೆಯಿತು. 2022ರ ಫೆಬ್ರವರಿ 21ರಂದು ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಇದ್ದಾಗಲೇ ಮೆಗ್ಗಾನ್ ಆಸ್ಪತ್ರೆಯಿಂದ ಹೊರಟ ಮೆರವಣಿಗೆಯಲ್ಲಿ ಕಲ್ಲು ಬಿತ್ತು, ವಾಹನಗಳು ಸುಟ್ಟವು. ಎರಡೂ ಕಡೆ ಮಗನನ್ನು ಕಳೆದುಕೊಂಡ ಮನೆಯವರ ದಿನ ಬೇರೆಯವರ ದಿನವಾಗಿ ಹೋಯಿತು. ಮೆರವಣಿಗೆಗೆ ಒಪ್ಪಿಗೆ ಕೊಡುವುದಾದರೆ ದಾರಿಯನ್ನು ಮೊದಲು ನಡೆದು ನೋಡಬೇಕು. ಹೆಗಲ ಮೇಲೆ ಹೊತ್ತು ಸಾಗುವ ಯಾತ್ರೆ 2 ಕಿಲೋಮೀಟರಿಗೆ ಹೆಚ್ಚೂಕಡಿಮೆ ಒಂದು ಗಂಟೆ ತೆಗೆದುಕೊಳ್ಳುತ್ತದೆ, ವಾಹನದಲ್ಲಾದರೆ ಹತ್ತು ನಿಮಿಷ. ಕಟ್ಟಡ ಕಟ್ಟಲು ರಾಶಿ ಹಾಕಿದ ಜಲ್ಲಿ, ಇಟ್ಟಿಗೆ ದಾರಿಯಲ್ಲಿದ್ದರೆ ಹಿಂದಿನ ರಾತ್ರಿಯೇ ತೆಗೆಸಬೇಕು. ಅಡ್ಡರಸ್ತೆಗಳ ಬಾಯಲ್ಲಿ ಇಬ್ಬರು ಇಬ್ಬರು ನಿಲ್ಲಬೇಕು. ನಮಾಜಿನ ಹೊತ್ತು, ದೇವಸ್ಥಾನದ ಉತ್ಸವದ ಹೊತ್ತು ನೋಡಿಕೊಂಡು ಸಮಯ ಗೊತ್ತು ಮಾಡಬೇಕು, ಕತ್ತಲಾಗುವ ಎರಡು ಗಂಟೆ ಮೊದಲು ಸ್ಮಶಾನ ತಲುಪುವಂತಿರಬೇಕು. ಮದ್ಯದಂಗಡಿ ಮುಚ್ಚಿಸುವ ಆದೇಶ ಮೆರವಣಿಗೆ ಹೊರಟ ಮೇಲೆ ಬಂದರೆ ಏನೂ ಪ್ರಯೋಜನವಿಲ್ಲ, ಸಾವಿನ ಸುದ್ದಿ ಹಬ್ಬಿದ ಕೂಡಲೇ ಬರಬೇಕು.

ನಿಷೇಧಾಜ್ಞೆಯ ವಿಚಾರದಲ್ಲಿ ಒಂದು ಮಾತು. ಕಲಂ 163ರ ಆದೇಶಗಳಲ್ಲಿ ಮದುವೆ, ಶವಸಂಸ್ಕಾರಕ್ಕೆ ವಿನಾಯಿತಿ ಎಂದು ಬರೆಯುವ ರೂಢಿ ಇದೆ. ಬ್ಯಾರಿಕೇಡ್ ಬಳಿ ನಿಂತ, ಬೇರೆ ಜಿಲ್ಲೆಯಿಂದ ಬಂದ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ಸಿಬ್ಬಂದಿಗೆ ಆ ಸಾಲು ಗೊತ್ತಿರುವುದಿಲ್ಲ. ಮುಂಬೈಯಿಂದ ರಾತ್ರಿ ಬಸ್ಸು ಹತ್ತಿ ಬಂದ ಅಕ್ಕ ಊರ ಬಾಗಿಲಲ್ಲಿ ಎರಡು ಗಂಟೆ ನಿಲ್ಲುತ್ತಾಳೆ, ಅಷ್ಟರಲ್ಲಿ ತಮ್ಮನನ್ನು ಎತ್ತಿಯಾಗಿರುತ್ತದೆ. ಠಾಣೆಯ ಮೊಹರು ಇರುವ ಒಂದು ಚೀಟಿ, ಅದರಲ್ಲಿ ಬರುವವರ ಹೆಸರು ಮತ್ತು ವಾಹನ ಸಂಖ್ಯೆ, ಅದೇ ಪಟ್ಟಿ ಪ್ರತಿ ಬ್ಯಾರಿಕೇಡಿನಲ್ಲಿ. ಇಷ್ಟು ಮಾಡಿದರೆ ಆ ಅಕ್ಕನಿಗೆ ತಮ್ಮನ ಮುಖ ಸಿಗುತ್ತದೆ.

ಮನೆ ಮತ್ತು ಸ್ಮಶಾನದ ಬಳಿ ಸಿಬ್ಬಂದಿ ಎಲ್ಲಿ ನಿಲ್ಲಬೇಕು? ನಮ್ಮ ಸಲಹೆ ಇದು. ಮನೆಯಂಗಳದಲ್ಲಿ, ಗುಂಡಿಯ ಅಥವಾ ಚಿತೆಯ ಹತ್ತಿರ ಸಮವಸ್ತ್ರದವರು ಇಬ್ಬರಿಗಿಂತ ಹೆಚ್ಚು ಬೇಡ, ಅವರಲ್ಲಿ ಒಬ್ಬರು ಮಹಿಳೆ. ಅವರ ಕೈಯಲ್ಲಿ ಲಾಠಿ ಬೇಡ, ತಲೆಯ ಮೇಲೆ ಹೆಲ್ಮೆಟ್ ಬೇಡ. ಐವತ್ತು ಮೀಟರ್ ಆಚೆ, ಗಲ್ಲಿಯ ತುದಿಯಲ್ಲಿ ಠಾಣೆಯ ಸಿಬ್ಬಂದಿ. ಕೆಎಸ್‌ಆರ್‌ಪಿ ತುಕಡಿ, ಅಶ್ರುವಾಯುವಿನ ವಾಹನ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಆದರೆ ಮೂರು ನಿಮಿಷದಲ್ಲಿ ತಲುಪುವಷ್ಟು ಹತ್ತಿರದಲ್ಲಿ, ಶಾಲೆಯ ಮೈದಾನದಲ್ಲೋ ಪಂಚಾಯಿತಿ ಕಚೇರಿಯ ಹಿಂದೋ ಇರಲಿ. ವಾಕಿಟಾಕಿಗೆ ಇಯರ್‌ಫೋನ್ ಹಾಕಿಸಿ. ಬಾಯಿಗೆ ಅಕ್ಕಿ ಹಾಕುವ ಹೊತ್ತಿನಲ್ಲಿ, ಜನಾಜಾ ನಮಾಜಿನ ಮೌನದಲ್ಲಿ, ಪಾದ್ರಿಯವರ ಪ್ರಾರ್ಥನೆಯ ನಡುವೆ 'ಕಂಟ್ರೋಲ್, ಕಂಟ್ರೋಲ್' ಎಂಬ ಕೂಗು ಕೇಳಿಸುವುದು ಎಷ್ಟು ಕ್ರೂರ ಎಂದು ಆ ಸಿಬ್ಬಂದಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಬೂಟುಗಾಲಿನಲ್ಲಿ ಗೋರಿಗಳ ಮೇಲೆ ಹತ್ತಿ ನಿಲ್ಲುವುದೂ ಅಷ್ಟೇ. ಎತ್ತರ ಬೇಕಿದ್ದರೆ ಕಾಂಪೌಂಡ್ ಗೋಡೆಯ ಹೊರಗೆ ಒಂದು ಟೇಬಲ್ ಹಾಕಿಕೊಳ್ಳಬಹುದು.

ವಿಡಿಯೊ ಚಿತ್ರೀಕರಣ ಗುಂಪಿನ ಅಂಚಿನದ್ದಾಗಲಿ, ಅಳುವ ಹೆಂಗಸರ ಮುಖದ್ದು ಬೇಡ. ಹಳೆಯ ವಾರಂಟ್ ಇದೆ ಎಂದು ಸ್ಮಶಾನದಲ್ಲಿ ಯಾರನ್ನೂ ಹಿಡಿಯಬೇಡಿ. ಅಲ್ಲೇ ಜೀವಾಪಾಯ ಎದುರಾಗಿದ್ದರೆ ಬೇರೆ ಮಾತು.

ಸ್ಮಶಾನದಲ್ಲಿ ಲಾಠಿ ಪ್ರಹಾರ ಯಾಕೆ ಬೇರೆಲ್ಲ ಕಡೆಗಿಂತ ಅಪಾಯಕಾರಿ ಎಂಬುದನ್ನು ಗುಂಡಿ ತೋಡುವವರು ಚೆನ್ನಾಗಿ ಬಲ್ಲರು. ಹೆಚ್ಚಿನ ಸ್ಮಶಾನಗಳಿಗೆ ಒಂದೇ ಗೇಟು. ಒಳಗೆ ತೆರೆದ ಗುಂಡಿ, ಚೂಪು ಕಲ್ಲು, ಮುಳ್ಳುಕಂಟಿ. ಓಡುವವರು ಬೀಳುವುದು ಅವುಗಳ ಮೇಲೆ. ಬಂದೋಬಸ್ತ್‌ಗೆ ಮುಂಚೆ ಪಿಎಸ್‌ಐ ಒಮ್ಮೆ ಹೋಗಿ ಗೇಟಿನ ಅಗಲ, ಇನ್ನೊಂದು ದಾರಿ, ದೀಪ, ನೀರು ನೋಡಿ ಬರಬೇಕು. ಜಾಗವನ್ನು ಕೊನೆಯ ಗಳಿಗೆಯಲ್ಲಿ ಬದಲಿಸುವವರಿಗೆ ಇನ್ನೊಂದು ಲೆಕ್ಕ ಗೊತ್ತಿರಲಿ: ಗಟ್ಟಿ ನೆಲದಲ್ಲಿ ಆರಡಿ ಗುಂಡಿಯನ್ನು ಕೈಯಲ್ಲಿ ತೋಡಲು ಮೂವರಿಗೆ ಮೂರು ನಾಲ್ಕು ಗಂಟೆ ಬೇಕು. ಕೂರಿಸಿ ಮಣ್ಣು ಮಾಡುವ ಲಿಂಗಾಯತರ ಗುಂಡಿಯ ಅಳತೆಯೇ ಬೇರೆ. ಸೌದೆಯ ಚಿತೆಗೆ ಸುಮಾರು ಮುನ್ನೂರು ನಾನ್ನೂರು ಕಿಲೋ ಒಣ ಕಟ್ಟಿಗೆ ಹೊಂದಿಸಬೇಕು, ಪೂರ್ತಿ ಉರಿಯಲು ಕೆಲವು ಗಂಟೆ ಹಿಡಿಯುತ್ತದೆ. 'ಬೇಗ ಮುಗಿಸಿ' ಎಂದು ಅವಸರ ಮಾಡಿದರೆ ಅರೆಬೆಂದ ದೇಹವನ್ನು ಬಿಟ್ಟು ಹೋಗಬೇಕಾದೀತು. ಯಾವ ಮಗನಿಗೂ ಆ ಸ್ಥಿತಿ ಬರಬಾರದು.

ಹಾಗೆಂದು ಪೊಲೀಸರು ಬರಲೇಬಾರದು ಎಂದು ನಾವು ಹೇಳುತ್ತಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರ ಎರಡೂ ತುದಿಗಳನ್ನು ಕಂಡಿದೆ. 1987ರ ಏಪ್ರಿಲ್‌ನಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ ಸಂಘಟನೆಯ ಒಬ್ಬರ ಶವಯಾತ್ರೆಗೆ ಪೊಲೀಸರು ಎಷ್ಟು ಒತ್ತಾಗಿ ಸುತ್ತುವರಿದರೆಂದರೆ ಮನೆಯವರು ಶವವನ್ನು ಹೊರಗೆ ತರಲೊಪ್ಪದೆ ಮೂರು ದಿನ ಹಗ್ಗಜಗ್ಗಾಟ ನಡೆಯಿತು. ಮರು ವರ್ಷ ಮಾರ್ಚ್ 16ರಂದು ಮಿಲ್‌ಟೌನ್ ಸ್ಮಶಾನದಲ್ಲಿ ನಡೆದ ಅಂಥದ್ದೇ ಅಂತ್ಯಕ್ರಿಯೆಯಿಂದ ಪೊಲೀಸರು ದೂರವೇ ಉಳಿದರು. ಗುಂಪಿನೊಳಗೆ ನುಗ್ಗಿದ ಒಬ್ಬ ಬಂದೂಕುಧಾರಿ ಗ್ರೆನೇಡ್ ಎಸೆದು, ಗುಂಡು ಹಾರಿಸಿ ಮೂವರನ್ನು ಕೊಂದ. ಮೂರು ದಿನದ ನಂತರ ಆ ಮೂವರಲ್ಲೊಬ್ಬರ ಶವಯಾತ್ರೆಯ ದಾರಿಗೆ ಬಂದುಬಿಟ್ಟ ಇಬ್ಬರು ಬ್ರಿಟಿಷ್ ಸೈನಿಕರನ್ನು ಗುಂಪು ಎಳೆದುಕೊಂಡು ಹೋಯಿತು, ಅವರ ಕೊಲೆಯಾಯಿತು. ಮೈಮೇಲೆ ಬೀಳುವುದೂ ತಪ್ಪು, ಮಾಯವಾಗುವುದೂ ತಪ್ಪು. ಎಷ್ಟು ದೂರ ಎಂಬುದನ್ನು ಮನೆಯವರ ಜೊತೆ ಮಾತಾಡಿಯೇ ಕಂಡುಕೊಳ್ಳಬೇಕು.

ನಮ್ಮಲ್ಲೇ ಎರಡು ದೊಡ್ಡ ಉದಾಹರಣೆಗಳಿವೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರು ಸಿದ್ಧವಿರಲಿಲ್ಲ. ದರ್ಶನ ಎಲ್ಲಿ, ಎಷ್ಟು ಹೊತ್ತಿನವರೆಗೆ ಎಂಬುದು ಜನರಿಗೆ ಸರಿಯಾಗಿ ತಲುಪಲಿಲ್ಲ. ಕಲ್ಲು, ಬೆಂಕಿ, ಅಶ್ರುವಾಯು, ಗೋಲಿಬಾರ್ ಎಲ್ಲ ಆಯಿತು. ಸತ್ತವರಲ್ಲಿ ನಿಮ್ಮದೇ ಇಲಾಖೆಯ ಒಬ್ಬ ಕಾನ್‌ಸ್ಟೆಬಲ್ ಕೂಡ ಇದ್ದರು. ಅವರ ಮನೆಯವರ ದುಃಖವೂ ಈ ಪತ್ರದೊಳಗೆ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅದಕ್ಕಿಂತ ಕಡಿಮೆ ಜನ ಸೇರಲಿಲ್ಲ. ಆದರೆ ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಸಾಲು ಇತ್ತು, ನಗರದಲ್ಲಿ ಮದ್ಯ ಮಾರಾಟ ನಿಂತಿತ್ತು, ವಿದೇಶದಿಂದ ಬರಬೇಕಾಗಿದ್ದ ಮಗಳಿಗಾಗಿ ಕಾದರು, ಅಂತ್ಯಕ್ರಿಯೆಯನ್ನು ಶನಿವಾರದಿಂದ ಭಾನುವಾರದ ನಸುಕಿಗೆ ಮುಂದೂಡಿ ಅದನ್ನು ಎಲ್ಲರಿಗೂ ತಿಳಿಸಿದರು. ಕುಟುಂಬಕ್ಕೆ ಕಾಯುವುದೂ ಶಾಂತಿ ಕಾಯುವುದೂ ಒಟ್ಟಿಗೆ ಆಗುತ್ತದೆ ಎಂದು ಇದೇ ಇಲಾಖೆ ತೋರಿಸಿದೆ. ಅದು ಸಿನಿಮಾ ನಟರ ಮನೆಗೆ ಮಾತ್ರ ಯಾಕೆ ಸಿಗಬೇಕು?

ಪೊಲೀಸರು ಕಾಣಿಸಲೇಬೇಕಾದ, ಆದರೆ ಕಾಣಿಸದ ಜಾಗ ಒಂದಿದೆ. ಊರಿನಲ್ಲಿ ದಲಿತರ ಶವ ಸ್ಮಶಾನಕ್ಕೆ ಹೋಗುವ ದಾರಿಯನ್ನು ಅಡ್ಡಗಟ್ಟಿದಾಗ. ಠಾಣೆಗೆ ಫೋನ್ ಮಾಡಿದರೆ ಬರುವವರು ಮೊದಲು ಹೇಳುವ ಮಾತು 'ಈ ಒಂದ್ಸಲ ಅಡ್ಜಸ್ಟ್ ಮಾಡ್ಕೊಳ್ಳಿ, ನಿಮ್ ಹೊಲದಲ್ಲೇ ಮಣ್ಣು ಮಾಡಿ.' ಹೊಲವಿಲ್ಲದವರು ಎಲ್ಲಿಗೆ ಹೋಗಬೇಕು? ಎಲ್ಲರಿಗೂ ಸೇರಿದ ಸ್ಮಶಾನ ಬಳಸದಂತೆ ಪರಿಶಿಷ್ಟರನ್ನು ತಡೆಯುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ; 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಬಿಡಿಸಿ ಹೇಳಿದೆ. ಅಲ್ಲಿ ರಾಜಿ ಪಂಚಾಯಿತಿ ಪೊಲೀಸರ ಕೆಲಸವಲ್ಲ. ದಾರಿ ಬಿಡಿಸಬೇಕು, ಮಣ್ಣಾಗುವವರೆಗೆ ನಿಲ್ಲಬೇಕು, ಪ್ರಕರಣ ದಾಖಲಿಸಬೇಕು. ತಹಶೀಲ್ದಾರರು ಸರ್ವೆ ನಂಬರಿನ ನಕ್ಷೆ ಹಿಡಿದೇ ಬರಲಿ.

ಶವ ಇಟ್ಟುಕೊಂಡು ರಸ್ತೆಯಲ್ಲಿ ಕೂರುವ ಕುಟುಂಬಗಳ ಬಗ್ಗೆ ಇಲಾಖೆಯಲ್ಲಿ ಅಸಹನೆ ಇದೆ. 2023ರಲ್ಲಿ ರಾಜಸ್ಥಾನ ಅದನ್ನು ಶಿಕ್ಷಾರ್ಹ ಮಾಡುವ ಕಾಯ್ದೆಯನ್ನೇ ತಂದಿತು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಯಾರೂ ತಮ್ಮವರ ಹೆಣವನ್ನು ಬಿಸಿಲಲ್ಲಿಟ್ಟು ಖುಷಿಪಡುವುದಿಲ್ಲ. ಬಹಳಷ್ಟು ಸಲ ಎಫ್‌ಐಆರ್ ಆಗಿಲ್ಲ, ಅಥವಾ ಆದದ್ದು ಅವರಿಗೆ ಗೊತ್ತಿಲ್ಲ. ಎಫ್‌ಐಆರ್ ಪ್ರತಿ, ತನಿಖಾಧಿಕಾರಿಯ ಹೆಸರು ಮತ್ತು ಫೋನ್ ನಂಬರ್ ಕೈಗೆ ಬಂದ ಕೂಡಲೇ ಎದ್ದು ಹೋಗುತ್ತಾರೆ. ಪರಿಶಿಷ್ಟರ ಕೊಲೆಯಾಗಿದ್ದರೆ 2016ರ ನಿಯಮಗಳ ಪ್ರಕಾರ 8.25 ಲಕ್ಷ ರೂಪಾಯಿ ಪರಿಹಾರದಲ್ಲಿ ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಉಳಿದರ್ಧ ದೋಷಾರೋಪ ಪಟ್ಟಿ ಸಲ್ಲಿಸಿದಾಗ ಸಿಗಬೇಕು. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ಮಂಜೂರಾತಿ ಪತ್ರದೊಂದಿಗೆ ಅಲ್ಲಿಗೇ ಬಂದರೆ ಜಲಫಿರಂಗಿ ಬೇಕಾಗುವುದಿಲ್ಲ.

ಪೊಲೀಸ್ ವಶದಲ್ಲಿ ಸಾವಾದಾಗ ಆ ಠಾಣೆಯ ಒಬ್ಬರೂ ಬಂದೋಬಸ್ತಿನಲ್ಲಿರಬಾರದು, ಬೇರೆ ಉಪವಿಭಾಗದವರು ಬರಬೇಕು. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ ವರದಿ, ಮರಣೋತ್ತರ ಪರೀಕ್ಷೆಯ ವಿಡಿಯೊ, ಕಲಂ 196ರಡಿ ಮ್ಯಾಜಿಸ್ಟ್ರೇಟ್ ವಿಚಾರಣೆ, ಆ ವಿಚಾರಣೆಗೆ ಸಂಬಂಧಿಕರಿಗೆ ತಿಳಿವಳಿಕೆ ಇವೆಲ್ಲ ಈಗಾಗಲೇ ಇರುವ ಕಟ್ಟಳೆಗಳು. ಕುಟುಂಬಕ್ಕೆ ಹೇಳದೆ ಉಳಿಯುವ ಸಂಗತಿಯೊಂದಿದೆ: ಹೂತ ದೇಹವನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆದು ಮತ್ತೆ ಪರೀಕ್ಷಿಸಬಹುದು, ಸುಟ್ಟ ದೇಹವನ್ನು ಆಗುವುದಿಲ್ಲ. ಸುಡುವುದೋ ಹೂಳುವುದೋ ಎಂಬ ತೀರ್ಮಾನ ಅವರದೇ. ಆದರೆ ಇದನ್ನು ತಿಳಿದು ತೀರ್ಮಾನಿಸಲಿ. ಎರಡನೇ ಪರೀಕ್ಷೆ ಕೋರಿ ನ್ಯಾಯಾಲಯಕ್ಕೆ ಹೋಗುವುದಾದರೆ ಅಲ್ಲಿಯವರೆಗೆ ದೇಹ ಆಸ್ಪತ್ರೆಯ ಶೀತಲ ಪೆಟ್ಟಿಗೆಯಲ್ಲಿರಲಿ, ಖರ್ಚು ಸರ್ಕಾರದ್ದಾಗಲಿ.

ಜೈಲಿನಲ್ಲಿರುವವರು ತಂದೆ ತಾಯಿಯ ಸಂಸ್ಕಾರಕ್ಕೆ ಬೆಂಗಾವಲಿನಲ್ಲಿ ಬಂದಾಗ ಕೈಬೇಡಿ ತೆಗೆಯಬೇಕು. ಬೇಡಿ ಹಾಕುವುದು ಅಪವಾದವೇ ಹೊರತು ರೂಢಿಯಾಗಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿತ್ತು. ನೀರು ತುಂಬಿದ ಮಡಕೆಯನ್ನು ಹೆಗಲ ಮೇಲಿಟ್ಟು ಚಿತೆಗೆ ಸುತ್ತು ಬರಲು ಎರಡು ಕೈ ಬೇಕು. ಬೆಂಗಾವಲಿನವರು ಮಫ್ತಿಯಲ್ಲಿ ಎರಡು ಹೆಜ್ಜೆ ಹಿಂದೆ ನಡೆಯಬಹುದು. ಸ್ನಾನ ಮುಗಿಯುವ ಮೊದಲೇ 'ಟೈಮಾಯ್ತು' ಎಂದು ಎಳೆದೊಯ್ಯದಂತೆ ಸಮಯದ ಲೆಕ್ಕವನ್ನು ಪ್ರಯಾಣ ಬಿಟ್ಟು ಹಾಕಬೇಕು.

ಸರ್ಕಾರಿ ಗೌರವ ಸಲ್ಲಿಸುವಾಗ ಗಾಳಿಯಲ್ಲಿ ಗುಂಡು ಹಾರಿಸುವ ಮೊದಲು ಮನೆಯವರಿಗೆ ತಿಳಿಸಿ, ಹಸುಗೂಸುಗಳನ್ನೂ ಹೃದ್ರೋಗಿಗಳನ್ನೂ ದೂರ ಕರೆದೊಯ್ಯಲು ಸಮಯ ಕೊಡಿ. ರಾಷ್ಟ್ರಧ್ವಜದ ಕೇಸರಿ ತಲೆಯ ಕಡೆಗಿರಬೇಕು, ಧ್ವಜವನ್ನು ದೇಹದ ಜೊತೆ ಸುಡುವುದಾಗಲಿ ಹೂಳುವುದಾಗಲಿ ಕೂಡದು. ರೈಫಲ್‌ಗಳನ್ನು ಹಿಂದಿನ ದಿನವೇ ಪರೀಕ್ಷಿಸಿ. 2019ರಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಒಂದು ರೈಫಲ್ಲಿನಿಂದಲೂ ಗುಂಡು ಹಾರಲಿಲ್ಲ.

ಮಣ್ಣಾದ ಮೇಲೂ ಪೊಲೀಸರ ಕೆಲಸ ಮುಗಿಯುವುದಿಲ್ಲ. ಮೂರನೇ ದಿನದ ಹಾಲುತುಪ್ಪಕ್ಕೋ ಜಿಯಾರತ್‌ಗೋ ಮನೆಯವರು ಮತ್ತೆ ಅದೇ ಜಾಗಕ್ಕೆ ಬರುತ್ತಾರೆ, ಅಷ್ಟರಲ್ಲಿ ಬಂದೋಬಸ್ತ್ ತೆಗೆದಿರುತ್ತಾರೆ. ಗಲಭೆಯಾದ ಊರುಗಳಲ್ಲಿ ಕಲ್ಲು ಬೀಳುವ ಭಯ ಆ ದಿನವೂ ಇರುತ್ತದೆ, ಕನಿಷ್ಠ ಒಂದು ಗಸ್ತು ವಾಹನ ಇರಲಿ. ಹೇಳಿಕೆ ಪಡೆಯಲು ಹನ್ನೊಂದನೇ ದಿನ ಕಳೆಯುವವರೆಗೆ ಕಾಯಲು ಸಾಧ್ಯವಿದ್ದರೆ ಕಾಯಿರಿ. ಸಾಧ್ಯವಿಲ್ಲದಿದ್ದರೆ ಮನೆಗೇ ಹೋಗಿ. ಹೆಂಗಸರನ್ನು, 60 ದಾಟಿದವರನ್ನು, 15ರೊಳಗಿನ ಮಕ್ಕಳನ್ನು ಸಾಕ್ಷಿಯಾಗಿ ಠಾಣೆಗೆ ಕರೆಸುವಂತಿಲ್ಲ ಎಂದು ಕಲಂ 179 ಹೇಳುತ್ತದೆ. ಸೂತಕದ ಮನೆಯ ವಿಧವೆಯನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುವುದು ಅನಾಗರಿಕ ಮಾತ್ರವಲ್ಲ, ಕಾನೂನುಬಾಹಿರವೂ ಹೌದು. ಮರಣೋತ್ತರ ಪರೀಕ್ಷೆಯ ವರದಿ ಬಂದ ಕೂಡಲೇ ಫೋನ್ ಮಾಡಿ ತಿಳಿಸಿ. ವಿಮೆ, ಅಪಘಾತ ಪರಿಹಾರ ಎಲ್ಲಕ್ಕೂ ಅದು ಬೇಕು, ಅದಕ್ಕಾಗಿ ಅವರು ಠಾಣೆಗೆ ಹತ್ತಾರು ಸಲ ಅಲೆಯುತ್ತಾರೆ.

ಮೇಲಿನದೆಲ್ಲ ನಾಲ್ಕು ಪುಟದ ಆದೇಶದಲ್ಲಿ ಹಿಡಿಯುತ್ತದೆ. ಜೊತೆಗೆ ಎರಡು ನಮೂನೆಗಳು ಬೇಕು: ಕುಟುಂಬದ ಇಚ್ಛೆ ಬರೆದುಕೊಳ್ಳುವ ಒಂದು ಹಾಳೆ, ವಸ್ತುಗಳ ಪಟ್ಟಿಯ ಒಂದು ಹಾಳೆ. ಕರಡನ್ನು ಕನ್ನಡದಲ್ಲಿ ಸಾರ್ವಜನಿಕರ ಮುಂದಿಡಿ, ಶವಾಗಾರದ ಸಿಬ್ಬಂದಿ ಮತ್ತು ಸ್ಮಶಾನ ಕಾರ್ಮಿಕರನ್ನು ಕರೆದು ಕೇಳಿ. ಪಿಎಸ್‌ಐ ತರಬೇತಿಯಲ್ಲಿ ಇದಕ್ಕೆ ಒಂದು ಇಡೀ ದಿನ ಮೀಸಲಿಡಿ, ಅದರಲ್ಲಿ ಅರ್ಧ ದಿನವನ್ನು ತಾಲ್ಲೂಕು ಆಸ್ಪತ್ರೆಯೊಂದರ ಶವಾಗಾರದ ಹೊರಗೆ, ಮನೆಯವರು ನಿಲ್ಲುವ ಜಾಗದಲ್ಲೇ ಕಳೆಯಲಿ. ಕರೆದರೆ ನಾವೂ ಬಂದು ಕಲಿಸಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶವಾಗಾರದಿಂದ ಸ್ಮಶಾನದವರೆಗೆ ಕುಟುಂಬಗಳ ಜೊತೆ ಕೆಲಸ ಮಾಡುವವರು